ಫುಡ್ ಹಾಲ್‌ಗೆ ಹೊರಟಿದ್ದೀರಾ? ಮೊದಲ ಸುತ್ತು ಬರಿಗೈಯಲ್ಲಿ ಹಾಕಿ

ಒಳಗೆ ಕಾಲಿಟ್ಟ ಕೂಡಲೇ ಏನನ್ನೂ ಕೊಳ್ಳಬೇಡಿ. ಇದೊಂದು ಮಾತು ನೆನಪಿಟ್ಟುಕೊಂಡರೆ ಉಳಿದದ್ದರಲ್ಲಿ ಅರ್ಧ ತಾನಾಗೇ ಸರಿಹೋಗುತ್ತದೆ. ಬಾಗಿಲ ಹತ್ತಿರದ ಕೌಂಟರಿನಿಂದ ಘಮಘಮ ವಾಸನೆ ಬರುತ್ತಿರುತ್ತದೆ, ಹೊಟ್ಟೆ ಚುರುಗುಟ್ಟುತ್ತಿರುತ್ತದೆ, ಜೊತೆಗೆ ಬಂದವರು "ಇಲ್ಲೇ ತಗೊಳ್ಳೋಣ ಬಿಡು" ಅನ್ನುತ್ತಾರೆ, ನೀವು ಯೋಚನೆ ಮಾಡುವ ಮೊದಲೇ ಕೈ ಜೇಬಿಗೆ ಹೋಗಿರುತ್ತದೆ. ಸ್ವಲ್ಪ ತಡೆಯಿರಿ. ಇಪ್ಪತ್ತು ಮೂವತ್ತು ಅಂಗಡಿ ಇರುವ ಜಾಗದಲ್ಲಿ ಬಾಗಿಲಲ್ಲೇ ಹೊಟ್ಟೆ ತುಂಬಿಸಿಕೊಂಡರೆ, ಆಮೇಲೆ ಒಳಗಿನ ಮೂಲೆಯಲ್ಲಿ ಇದಕ್ಕಿಂತ ಚೆನ್ನಾಗಿರುವುದು ಕಂಡಾಗ ಸುಮ್ನೆ ನೋಡಿಕೊಂಡು ಬರಬೇಕಾಗುತ್ತದೆ. ಆ ಬೇಜಾರು ನನಗೆ ಚೆನ್ನಾಗಿ ಗೊತ್ತು.

ಫುಡ್ ಕೋರ್ಟ್ ನೋಡಿ ರೂಢಿಯಾದವರಿಗೆ ಫುಡ್ ಹಾಲ್ ಕೂಡ ಅದೇ ಅನಿಸಬಹುದು. ನಡುವೆ ಮೇಜು, ಸುತ್ತ ಕೌಂಟರು, ನೋಡೋಕೆ ಒಂದೇ ತರಹ. ಆದರೆ ಫುಡ್ ಕೋರ್ಟಿನಲ್ಲಿ ಇರುವುದು ಹೆಚ್ಚಾಗಿ ಎಲ್ಲ ಕಡೆ ಸಿಗುವ ದೊಡ್ಡ ಬ್ರಾಂಡುಗಳು. ಎಲ್ಲೋ ತಯಾರಾಗಿ ಬಂದದ್ದನ್ನು ಇಲ್ಲಿ ಬಿಸಿ ಮಾಡಿ ಕೊಡುವುದೇ ಜಾಸ್ತಿ. ಫುಡ್ ಹಾಲ್‌ನಲ್ಲಿ ಬಹುಪಾಲು ಸಣ್ಣ ಸಣ್ಣ ಅಡುಗೆಯವರು ಇರುತ್ತಾರೆ, ಒಬ್ಬೊಬ್ಬರದು ಒಂದೊಂದು ಕೈರುಚಿ, ಅಡುಗೆಯೂ ನಿಮ್ಮ ಕಣ್ಣೆದುರಿಗೇ ಆಗುತ್ತದೆ. ಇದು ಹೊಸದಾಗಿ ಹುಟ್ಟಿದ ಯೋಚನೆಯೂ ಅಲ್ಲ. ಫಿಲಡೆಲ್ಫಿಯಾದ ರೀಡಿಂಗ್ ಟರ್ಮಿನಲ್ ಮಾರ್ಕೆಟ್ 1893ರಲ್ಲೇ ರೈಲು ನಿಲ್ದಾಣದ ಕೆಳಗೆ ಶುರುವಾಗಿತ್ತು. ಇವತ್ತಿಗೂ ಅಲ್ಲಿ ತರಕಾರಿ, ಮೀನು ಮಾರುವವರ ಪಕ್ಕದಲ್ಲೇ ಊಟದ ಕೌಂಟರುಗಳಿವೆ. ನ್ಯೂಯಾರ್ಕಿನ ಚೆಲ್ಸಿ ಮಾರ್ಕೆಟ್ 1997ರಲ್ಲಿ ತೆರೆದದ್ದು ನಬಿಸ್ಕೊ ಅನ್ನುವ ಬಿಸ್ಕತ್ತು ಕಂಪನಿಯ ಹಳೆಯ ಕಾರ್ಖಾನೆಯೊಳಗೆ, ಓರಿಯೋ ಬಿಸ್ಕತ್ತು ಹುಟ್ಟಿದ ಕಟ್ಟಡ ಅದು. ಲಿಸ್ಬನ್ನಿನ ಹಳೆಯ ರಿಬೇರಾ ಮಾರುಕಟ್ಟೆಯಲ್ಲಿ 2014ರಲ್ಲಿ ಟೈಮ್ ಔಟ್ ಪತ್ರಿಕೆಯ ಬಳಗ ಆ ನಗರದ ಅಡುಗೆಯವರನ್ನು ಆರಿಸಿ ಒಂದೇ ಸೂರಿನಡಿ ಕೂರಿಸಿತು. ಸಿಂಗಪುರದಲ್ಲಂತೂ ಬೀದಿಬದಿ ಮಾರುತ್ತಿದ್ದವರಿಗೆ ಸರ್ಕಾರವೇ ನೀರು, ಚರಂಡಿ ಎಲ್ಲ ಇರುವ ಹಾಕರ್ ಸೆಂಟರುಗಳನ್ನು ಕಟ್ಟಿಕೊಟ್ಟಿತು, ಆ ಹಾಕರ್ ಸಂಸ್ಕೃತಿ 2020ರಲ್ಲಿ ಯುನೆಸ್ಕೊದ ಪರಂಪರೆಯ ಪಟ್ಟಿಗೂ ಸೇರಿತು. 2016ರಲ್ಲಿ ಅಲ್ಲಿನ ಎರಡು ಹಾಕರ್ ಅಂಗಡಿಗಳಿಗೆ ಮಿಶೆಲಿನ್ ಸ್ಟಾರ್, ಅಂದರೆ ಒಳ್ಳೆಯ ಅಡುಗೆಗೆ ಮಿಶೆಲಿನ್ ಗೈಡ್ ಕೊಡುವ ಹೆಸರಾಂತ ಮನ್ನಣೆ, ಸಿಕ್ಕಿತ್ತು. ಎರಡೂ ಮೆನು ಉದ್ದ ಮಾಡಿ ಹೆಸರು ಪಡೆದವಲ್ಲ, ಒಂದೊಂದೇ ಬಗೆಯ ಅಡುಗೆಯನ್ನು ವರ್ಷಗಟ್ಟಲೆ ಮಾಡಿ ಕೈ ಪಳಗಿಸಿಕೊಂಡವು. ಮೊದಲ ಸುತ್ತಿನಲ್ಲಿ ನೀವು ಹುಡುಕಬೇಕಾದದ್ದೂ ಅಂಥ ಪಳಗಿದ ಕೈಯನ್ನೇ.

ಹೊರಡುವ ಸಮಯದ ಬಗ್ಗೆ ಒಂದು ಮಾತು. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರವರೆಗೆ, ಹಾಗೇ ರಾತ್ರಿ ಎಂಟರ ಆಸುಪಾಸಿನಲ್ಲಿ ಕಾಲಿಡೋಕೂ ಜಾಗ ಇರುವುದಿಲ್ಲ. ರಜಾ ದಿನವಾದರೆ ಕೇಳಲೇಬೇಡಿ. ಹಾಗಂತ ಬಾಗಿಲು ತೆರೆದ ಕೂಡಲೇ ನುಗ್ಗುವುದೂ ಬೇಡ, ಆಗ ಕೆಲವರ ಒಲೆಯೇ ಹತ್ತಿರುವುದಿಲ್ಲ, ಎಣ್ಣೆ ಕಾದಿರುವುದಿಲ್ಲ. ತೆರೆದು ಮುಕ್ಕಾಲು ಗಂಟೆಯ ಮೇಲೆ, ಜನ ಸೇರುವ ಮೊದಲು ಹೋದರೆ ಅಡುಗೆಯವರಿಗೆ ನಿಮ್ಮ ಜೊತೆ ಮಾತಾಡೋಕೂ ಪುರುಸೊತ್ತು ಇರುತ್ತದೆ. ಮುಚ್ಚುವ ಹೊತ್ತಿಗೆ ಹೋದರೆ ಚೆನ್ನಾಗಿರುವುದೆಲ್ಲ ಖಾಲಿಯಾಗಿರುತ್ತದೆ.

ಎಷ್ಟು ಜನ ಹೋಗಬೇಕು? ನನ್ನ ಪ್ರಕಾರ ಮೂರು ಅಥವಾ ನಾಲ್ಕು. ಒಬ್ಬರೇ ಹೋದರೆ ಎರಡು ತಿನಿಸಿಗೇ ಹೊಟ್ಟೆ ತುಂಬುತ್ತದೆ, ಎಂಟು ಜನ ಹೋದರೆ ಒಂದು ಮೇಜು ಸಿಗುವುದಿಲ್ಲ, ಒಬ್ಬರನ್ನೊಬ್ಬರು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಕಾರ್ಡಿನ ಜೊತೆ ಸ್ವಲ್ಪ ಚಿಲ್ಲರೆಯೂ ಇರಲಿ. ಕೆಲವು ಕಡೆ ಕಾರ್ಡು, ಫೋನು ಮಾತ್ರ ನಡೆಯುತ್ತದೆ, ಕೆಲವು ಕಡೆ ನಗದು ಮಾತ್ರ, ಇನ್ನು ಕೆಲವು ಕಡೆ ಬಾಗಿಲಲ್ಲೇ ಒಂದು ಕಾರ್ಡಿಗೆ ದುಡ್ಡು ತುಂಬಿಸಿಕೊಂಡು ಒಳಗೆ ಅದನ್ನೇ ಬಳಸಬೇಕು. ಹಾಗಿದ್ದರೆ ಒಮ್ಮೆಗೇ ಜಾಸ್ತಿ ತುಂಬಿಸಬೇಡಿ, ಉಳಿದ ದುಡ್ಡು ವಾಪಸ್ ಕೊಡುತ್ತಾರಾ ಅಂತ ಮೊದಲೇ ಕೇಳಿ.

ಈಗ ಆ ಬರಿಗೈ ಸುತ್ತು. ಹತ್ತು ನಿಮಿಷ ಸಾಕು. ಬಾಗಿಲಿಂದ ಶುರು ಮಾಡಿ ಕೊನೆಯ ಅಂಗಡಿಯವರೆಗೆ ಹೋಗಿ, ಮೇಲೆ ಇನ್ನೊಂದು ಮಹಡಿ ಇದ್ದರೆ ಅಲ್ಲಿಗೂ ಹತ್ತಿ. ಮೆನು ಬೋರ್ಡು ಓದುತ್ತಾ ನಿಲ್ಲುವುದಕ್ಕಿಂತ ಕೌಂಟರಿನ ಒಳಗೆ ನೋಡಿ. ಅಡುಗೆ ಈಗ ಆಗುತ್ತಿದೆಯಾ, ಅಥವಾ ಆಗಲೇ ಆಗಿ ಕೂತಿದೆಯಾ? ಗಾಜಿನ ಪೆಟ್ಟಿಗೆಯಲ್ಲಿ ದೀಪದ ಕೆಳಗೆ ಇಟ್ಟದ್ದರ ಮೇಲ್ಮೈ ಒಣಗಿ ಬಣ್ಣ ಕಪ್ಪಾಗಿದ್ದರೆ ಅದು ಬಹಳ ಹೊತ್ತಿಂದ ಅಲ್ಲೇ ಇದೆ ಅಂತ. ಸೊಪ್ಪು ಬಾಡಿದೆಯಾ? ಕರಿಯುವ ಎಣ್ಣೆ ಕಡುಕಪ್ಪಾಗಿ ನೊರೆ ಬರುತ್ತಿದೆಯಾ? ದುಡ್ಡು ಎಣಿಸಿದ ಕೈಯಲ್ಲೇ ತಿಂಡಿ ಮುಟ್ಟುತ್ತಿದ್ದಾರಾ? ಇವೆಲ್ಲ ಒಂದು ಕ್ಷಣ ನಿಂತು ನೋಡಿದರೆ ಕಾಣುವ ವಿಷಯ, ಯಾವ ಸ್ಟಾರ್ ರೇಟಿಂಗೂ ಇದನ್ನು ಹೇಳುವುದಿಲ್ಲ. ಹಾಗೇ ಮೇಜುಗಳ ನಡುವೆ ನಡೆಯುವಾಗ ಬೇರೆಯವರ ತಟ್ಟೆ ಕಡೆಗೂ ಕಣ್ಣು ಹಾಯಿಸಿ. ಯಾವ ಅಂಗಡಿಯ ತಟ್ಟೆ ಖಾಲಿಯಾಗಿ ವಾಪಸ್ ಹೋಗುತ್ತಿದೆ, ಯಾವುದು ಅರ್ಧ ಉಳಿದಿದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಒಮ್ಮೆ ಹೀಗೆ ಸುತ್ತುತ್ತಿದ್ದಾಗ ಮೂಲೆಯ ಒಂದು ಅಂಗಡಿಯ ಮುಂದೆ ನಿಂತುಬಿಟ್ಟೆ. ಬೋರ್ಡಿನಲ್ಲಿ ಮೂರೇ ತಿನಿಸು. ಒಳಗೆ ಒಬ್ಬರೇ ಹೆಂಗಸು. ಹಿಟ್ಟಿನ ಉಂಡೆಯನ್ನು ಕಲ್ಲಿನ ಮೇಲೆ ಅಂಗೈಯಿಂದ ಒತ್ತಿ, ಎರಡೂ ಕೈಯಲ್ಲಿ ಎತ್ತಿ ತೆಳ್ಳಗೆ ಎಳೆದು, ಆಚೆ ಬದಿಯ ಬೆಳಕು ಕಾಣುವಷ್ಟಾದ ಮೇಲೆ ಕಾದ ಹಂಚಿಗೆ ಹಾಕುತ್ತಿದ್ದರು. ಅಂಚು ಮೇಲೆದ್ದ ಕೂಡಲೇ ಬೆರಳ ತುದಿಯಲ್ಲೇ ಮಗುಚುತ್ತಿದ್ದರು, ಸಟ್ಟುಗ ಮುಟ್ಟಲೇ ಇಲ್ಲ. ನಾನು ನೋಡುತ್ತಿರುವಾಗಲೇ ಒಂದು ಸ್ವಲ್ಪ ಸೀದುಹೋಯಿತು. ಕೊಳ್ಳುವವರು ಮುಂದೆ ಕಾಯುತ್ತಿದ್ದರು, ಕೊಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವರು ಅದನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ಉಂಡೆ ತೆಗೆದುಕೊಂಡರು. ಅಷ್ಟು ನೋಡಿದ ಮೇಲೆ ನಾನು ಮೆನು ಓದಲಿಲ್ಲ, ಸೀದಾ ಸಾಲಿನಲ್ಲಿ ನಿಂತೆ.

ಸಾಲು ಅಂದ ಮೇಲೆ, ಕ್ಯೂ ಉದ್ದ ಇದ್ದರೆ ಅಲ್ಲಿ ರುಚಿ ಚೆನ್ನಾಗಿದೆ ಅಂತ ಕಣ್ಣುಮುಚ್ಚಿ ನಂಬಬೇಡಿ. ಒಂದೇ ಒಲೆ, ಒಬ್ಬರೇ ಅಡುಗೆಯವರು ಇದ್ದರೂ ಕ್ಯೂ ಬೆಳೆಯುತ್ತದೆ, ಫೋನಿನ ಆರ್ಡರುಗಳು ಒಳಗೆ ತುಂಬಿಕೊಂಡಿದ್ದರೂ ಬೆಳೆಯುತ್ತದೆ. ಉದ್ದ ಇದ್ದೂ ಬೇಗ ಬೇಗ ಮುಂದೆ ಹೋಗುವ ಕ್ಯೂ ಒಳ್ಳೆಯದು. ಅಲ್ಲಿ ಒಂದು ಬಾಣಲೆ ಖಾಲಿಯಾಗುವ ಹೊತ್ತಿಗೆ ಇನ್ನೊಂದು ತಯಾರಾಗುತ್ತಿರುತ್ತದೆ, ನಿಮಗೆ ಸಿಗುವುದು ಬಿಸಿಯಾದದ್ದೇ. ಯಾರೂ ಇಲ್ಲದ ಅಂಗಡಿಯನ್ನೂ ತಳ್ಳಿಹಾಕಬೇಡಿ. ಹೊಸದಾಗಿ ಬಂದವರಿರಬಹುದು, ಕಂಬದ ಹಿಂದೆ ಜಾಗ ಸಿಕ್ಕಿದವರಿರಬಹುದು. ಇಂಥ ಕಡೆ ಅಂಗಡಿಗಳು ಆಗಾಗ ಬದಲಾಗುತ್ತವೆ. ಸ್ವಂತ ಹೋಟೆಲ್ ಇಡುವಷ್ಟು ಬಂಡವಾಳ ಇಲ್ಲದವರು ಸಣ್ಣ ಕೌಂಟರಿನಲ್ಲಿ ಶುರು ಮಾಡಿ ನೋಡುತ್ತಾರೆ. ಬಾಡಿಗೆ ಜೊತೆ ಮಾರಾಟದಲ್ಲೂ ಒಂದು ಪಾಲು ಕೊಡಬೇಕಾದ ಒಪ್ಪಂದ ಎಷ್ಟೋ ಕಡೆ ಇರುತ್ತದೆ. ನಿಮಗೆ ರುಚಿ ಹಿಡಿಸಿದರೆ ಮುಂದಿನ ಸಲವೂ ಅಲ್ಲೇ ಕೊಳ್ಳಿ, ಅವರಿಗೆ ಅದು ನಿಜವಾಗಿಯೂ ಮುಖ್ಯ.

ಸುತ್ತು ಮುಗಿದ ಮೇಲೆ ಮೇಜು ಹಿಡಿಯಿರಿ. ಒಬ್ಬರು ಕೂತಿರಲಿ, ಉಳಿದವರು ಹೋಗಲಿ, ಆಮೇಲೆ ಅದಲುಬದಲಾಗಿ. ಹಾಲ್‌ನ ನಡುವಿನ ಮೇಜಿಗಿಂತ ಗೋಡೆ ಬದಿಯದು ವಾಸಿ. ಚಾವಣಿ ಎತ್ತರ, ನೆಲ ಗಟ್ಟಿ, ಗೋಡೆ ಬರೀ ಇಟ್ಟಿಗೆ ಆದರೆ ಸದ್ದೆಲ್ಲ ತಿರುಗಿ ತಿರುಗಿ ಬರುತ್ತಿರುತ್ತದೆ, ನಡುವೆ ಕೂತರೆ ಎದುರಿಗಿರುವವರ ಮಾತೂ ಕೇಳಿಸುವುದಿಲ್ಲ. ವಯಸ್ಸಾದವರು ಜೊತೆಗಿದ್ದರೆ ಇದು ಬಹಳ ಮುಖ್ಯ, ಅವರಿಗೆ ಬೆನ್ನು ಒರಗುವ ಕುರ್ಚಿ ಇರುವ ಜಾಗ ಹುಡುಕಿ. ಎತ್ತರದ ಸ್ಟೂಲು ಬೇಡ. ಪುಟ್ಟ ಮಕ್ಕಳಿದ್ದರೆ ಜನ ಬಿಸಿ ಸೂಪು ಹಿಡಿದು ಓಡಾಡುವ ದಾರಿಯ ಪಕ್ಕ ಕೂರಲೇಬೇಡಿ.

ಯಾವುದನ್ನು ಮೊದಲು ತರಬೇಕು ಅನ್ನುವುದರ ಬಗ್ಗೆ ಜನ ಯೋಚನೆಯನ್ನೇ ಮಾಡುವುದಿಲ್ಲ, ಆದರೆ ಊಟ ಕೆಡುವುದು ಇಲ್ಲೇ. ನಾವು ನಾಲ್ಕು ಜನ ಒಂದು ಸಲ ಒಟ್ಟಿಗೇ ನಾಲ್ಕು ಕೌಂಟರಿಗೆ ಹೋಗಿ ಒಂದೇ ಹೊತ್ತಿಗೆ ಆರ್ಡರ್ ಕೊಟ್ಟೆವು. ಕರಿದದ್ದು ಐದು ನಿಮಿಷಕ್ಕೆ ಬಂತು, ಸುಟ್ಟದ್ದು ಇಪ್ಪತ್ತೈದು ನಿಮಿಷಕ್ಕೆ. ಎಲ್ಲ ಬರಲಿ, ಒಟ್ಟಿಗೆ ತಿನ್ನೋಣ ಅಂತ ಕಾದೆವು. ಗರಿಗರಿಯಾಗಿದ್ದದ್ದು ಮೆತ್ತಗಾಯಿತು, ನೂಡಲ್ಸು ಸೂಪೆಲ್ಲ ಹೀರಿಕೊಂಡು ಉಬ್ಬಿ ಗಂಟಾಯಿತು. ನಾಲ್ಕೂ ಅಂಗಡಿಯವರು ಚೆನ್ನಾಗೇ ಮಾಡಿಕೊಟ್ಟಿದ್ದರು, ಕೆಡಿಸಿದ್ದು ನಮ್ಮ ಕಾಯುವಿಕೆ. ಕರಿದದ್ದರ ಒಳಗಿನ ತೇವ ಆವಿಯಾಗಿ ಹೊರಗೆ ಬರುತ್ತಲೇ ಇರುತ್ತದೆ, ಅದು ಹೊರಗಿನ ಗರಿ ಪದರವನ್ನು ನೆನೆಸುತ್ತದೆ. ಮುಚ್ಚಳ ಹಾಕಿದರಂತೂ ಇನ್ನೂ ಬೇಗ. ಆದ್ದರಿಂದ ಕರಿದದ್ದನ್ನು ತಂದ ಕೂಡಲೇ ತಿನ್ನಿ, ಯಾರಿಗೂ ಕಾಯಬೇಡಿ, ಮುಚ್ಚಳ ತೆರೆದಿಡಿ. ಸೂಪಿನಲ್ಲಿರುವ ನೂಡಲ್ಸಿಗೂ ಇದೇ ಮಾತು. ಗ್ರೇವಿ, ಬೇಳೆಕಾಳು, ಬೇಯಿಸಿದ ತರಕಾರಿ ಸ್ವಲ್ಪ ಹೊತ್ತು ಕಾದರೂ ಏನೂ ಆಗುವುದಿಲ್ಲ.

ಹಾಗಾಗಿ ನಾವೀಗ ಮಾಡುವುದು ಹೀಗೆ. ಜಾಸ್ತಿ ಹೊತ್ತು ಹಿಡಿಯುವುದಕ್ಕೆ ಮೊದಲು ಆರ್ಡರ್ ಕೊಟ್ಟು ಟೋಕನ್ ಅಥವಾ ತಿನಿಸು ತಯಾರಾದಾಗ ಸದ್ದು ಮಾಡುವ ಬಜರ್ ತೆಗೆದುಕೊಂಡು ಬರುತ್ತೇವೆ. ಅದು ಆಗುವಷ್ಟರಲ್ಲಿ ಬೇಗ ಸಿಗುವ ಒಂದು ತಿನಿಸನ್ನು ಎಲ್ಲರೂ ಹಂಚಿಕೊಂಡು ಮುಗಿಸುತ್ತೇವೆ. ಬಜರ್ ಹೊಡೆದಾಗ ಒಬ್ಬರು ಎದ್ದು ಹೋಗುತ್ತಾರೆ, ಬರುವ ದಾರಿಯಲ್ಲೇ ಮುಂದಿನದಕ್ಕೆ ಹೇಳಿ ಬರುತ್ತಾರೆ. ಮೇಜಿನ ಮೇಲೆ ಒಂದು ಹೊತ್ತಿಗೆ ಎರಡಕ್ಕಿಂತ ಜಾಸ್ತಿ ತಟ್ಟೆ ಇರುವುದಿಲ್ಲ. ಎಲ್ಲವೂ ಬಿಸಿಯಾಗಿರುತ್ತದೆ. ಕೇಳೋಕೆ ಓಡಾಟ ಜಾಸ್ತಿ ಅನಿಸಬಹುದು, ಆದರೆ ಮಧ್ಯೆ ಮಧ್ಯೆ ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಹೊಟ್ಟೆಗೂ ಒಳ್ಳೆಯದೇ ಅಲ್ವಾ.

ಒಂದು ತಟ್ಟೆಯನ್ನು ಹಂಚಿಕೊಳ್ಳಿ ಅಂತ ಹೇಳುವುದು ಬರೀ ದುಡ್ಡು ಉಳಿಸೋಕಲ್ಲ. ಒಂದೇ ತಿನಿಸನ್ನು ತಿನ್ನುತ್ತಾ ಹೋದರೆ ಅದರ ಮೇಲಿನ ಆಸೆ ಬೇಗ ಇಳಿಯುತ್ತದೆ, ಬೇರೆ ರುಚಿಯ ಮೇಲಿನ ಆಸೆ ಮಾತ್ರ ಹಾಗೇ ಇರುತ್ತದೆ. ಜನ ತಿನ್ನುವ ರೀತಿಯ ಬಗ್ಗೆ ಸಂಶೋಧನೆ ಮಾಡುವ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1981ರಲ್ಲಿ ಪ್ರಯೋಗ ಮಾಡಿ ಇದನ್ನೇ ತೋರಿಸಿದ್ದರು. ಮೊದಲ ನಾಲ್ಕು ತುತ್ತಿನ ಖುಷಿ ಹದಿನೈದನೇ ತುತ್ತಿನಲ್ಲಿ ಇರುವುದಿಲ್ಲ, ಆ ನಾಲ್ಕು ತುತ್ತಿನಲ್ಲೇ ನಿಲ್ಲಿಸಿ ಮುಂದಿನದಕ್ಕೆ ಹೋಗುವ ಅವಕಾಶ ಫುಡ್ ಹಾಲ್ ಕೊಡುತ್ತದೆ. ಇದಕ್ಕೆ ಇನ್ನೊಂದು ಮುಖವೂ ಇದೆ. ರುಚಿ ಬದಲಾಗುತ್ತಲೇ ಇದ್ದರೆ ಹೊಟ್ಟೆ ತುಂಬಿದ್ದು ಗೊತ್ತೇ ಆಗುವುದಿಲ್ಲ, ಕಣ್ಣಿನ ಹಸಿವೇ ಮುಂದೆ ಓಡುತ್ತದೆ. ಅದಕ್ಕೇ ಮೂರನೇ ತಿನಿಸಿನ ಮೇಲೆ ಹತ್ತು ಹದಿನೈದು ನಿಮಿಷ ಸುಮ್ಮನೆ ಕೂರಿ, ನೀರು ಕುಡಿಯಿರಿ, ಮಾತಾಡಿ. ಆಮೇಲೂ ಬೇಕು ಅನಿಸಿದರೆ ತನ್ನಿ. ಹಾಫ್ ಪ್ಲೇಟ್ ಇದೆಯಾ ಅಂತ ಎಲ್ಲ ಕಡೆ ಕೇಳಿ, ಬೋರ್ಡಿನಲ್ಲಿ ಬರೆದಿಲ್ಲದಿದ್ದರೂ ಎಷ್ಟೋ ಜನ ಕೊಡುತ್ತಾರೆ.

ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರಲ್ಲ, ಇಲ್ಲಿ ಮಾತು ಬಲ್ಲವರಿಗೆ ಒಳ್ಳೆಯ ಊಟವೂ ಸಿಗುತ್ತದೆ. ಕೌಂಟರಿನಲ್ಲಿ "ಇದರಲ್ಲಿ ಯಾವುದು ಚೆನ್ನಾಗಿದೆ?" ಅಂತ ಕೇಳಿದರೆ "ಎಲ್ಲಾ ಚೆನ್ನಾಗಿದೆ" ಅಂತಲೇ ಉತ್ತರ ಬರುತ್ತದೆ, ಪಾಪ, ಅವರು ಇನ್ನೇನು ಹೇಳಿಯಾರು? ಬದಲಿಗೆ "ನೀವು ಮನೆಯವರಿಗೆ ಕಟ್ಟಿಸಿಕೊಂಡು ಹೋಗುವುದಾದರೆ ಯಾವುದು ಒಯ್ಯುತ್ತೀರಿ?" ಅಂತ ಕೇಳಿ. ಅಥವಾ "ಇವತ್ತು ಯಾವುದು ಈಗ ತಾನೇ ಆಗಿದೆ?" ಅಂತ ಕೇಳಿ. ಹಿಂದೆ ಸಾಲು ಇದ್ದರೆ ಒಂದೇ ಪ್ರಶ್ನೆ, ಸಾಲು ಇಲ್ಲದಿದ್ದರೆ ಎಷ್ಟು ಬೇಕಾದರೂ ಮಾತಾಡಿ. ರುಚಿ ನೋಡೋಕೆ ಒಂದು ಚಮಚ ಕೊಡುತ್ತೀರಾ ಅಂತ ಕೇಳುವುದರಲ್ಲಿ ನಾಚಿಕೆ ಬೇಡ, ಆದರೆ ಐದು ಬಗೆ ರುಚಿ ನೋಡಿ ಏನೂ ಕೊಳ್ಳದೆ ಹೋಗಬೇಡಿ. ಖಾರದ ಬಗ್ಗೆ ಕೇಳುವಾಗ "ಖಾರ ಇದೆಯಾ?" ಅಂದರೆ ಸಾಲದು, ಅವರ ಕಡಿಮೆ ಖಾರ ನಿಮಗೆ ಜಾಸ್ತಿ ಆಗಬಹುದು. ಖಾರವನ್ನು ಬೇರೆಯಾಗಿ ಪಕ್ಕದಲ್ಲಿ ಕೊಡೋಕೆ ಆಗುತ್ತಾ ಕೇಳಿ. ಬಾಯಿ ಉರಿದರೆ ನೀರು ಕುಡಿದು ಪ್ರಯೋಜನ ಇಲ್ಲ, ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಅನ್ನುವ ಅಂಶ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಒಂದು ಲೋಟ ಹಾಲು ಅಥವಾ ಮೊಸರು ಕೆಲಸ ಮಾಡುತ್ತದೆ.

ಅಲರ್ಜಿ ಇರುವವರು, ಕೆಲವು ಪದಾರ್ಥ ತಿನ್ನದವರು ಇಲ್ಲಿ ಹೋಟೆಲಿಗಿಂತ ಜಾಸ್ತಿ ಎಚ್ಚರ ವಹಿಸಬೇಕು. ಯಾಕಂದರೆ ಒಂದೊಂದು ಅಂಗಡಿಯೂ ಬೇರೆ ಬೇರೆ, ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ಪ್ರತಿ ಕೌಂಟರಿನಲ್ಲೂ ಮತ್ತೆ ಹೇಳಲೇಬೇಕು. ಯುರೋಪಿನ ಒಕ್ಕೂಟದಲ್ಲಿ 14 ಬಗೆಯ ಅಲರ್ಜಿ ಪದಾರ್ಥಗಳ ಬಗ್ಗೆ ತಿಳಿಸಬೇಕು ಅಂತ ಕಾನೂನೇ ಇದೆ. ಅಮೆರಿಕದಲ್ಲಿ 2023ರಿಂದ ಎಳ್ಳನ್ನೂ ಸೇರಿಸಿ ಮುಖ್ಯ ಅಲರ್ಜಿಕಾರಕಗಳು ಒಂಬತ್ತು ಅಂತ ಲೆಕ್ಕ. ಆದರೆ ಬೋರ್ಡಿನ ಮೇಲೆ ಬರೆದದ್ದರಿಂದ ಒಲೆಯ ಹತ್ತಿರ ಏನಾಗುತ್ತಿದೆ ಅಂತ ತಿಳಿಯುವುದಿಲ್ಲ. ಕೇಳಬೇಕಾದ ಪ್ರಶ್ನೆ ಎರಡು: ಇದೇ ಎಣ್ಣೆಯಲ್ಲಿ ಬೇರೆ ಏನೇನು ಕರಿಯುತ್ತೀರಿ, ಇದೇ ಸಟ್ಟುಗ ಇದೇ ಹಂಚಿನಲ್ಲಿ ಬೇರೆ ಏನು ಬೇಯಿಸುತ್ತೀರಿ. ತರಕಾರಿ ಕರಿದದ್ದು ಅಂತ ನಂಬಿ ತಂದರೆ ಅದೇ ಎಣ್ಣೆಯಲ್ಲಿ ಸೀಗಡಿಯೂ ಕರಿದಿರಬಹುದು. ಸೂಪಿನ ಬುಡದ ನೀರು ಯಾವುದರದ್ದು ಅಂತಲೂ ಕೇಳಿ, ಮೇಲೆ ಬರೀ ತರಕಾರಿ ತೇಲುತ್ತಿದ್ದರೂ ಬುಡದಲ್ಲಿ ಮೂಳೆ ಕುದಿಸಿದ ನೀರು ಇರಬಹುದು. ಹೇಳುವವರು ತಡವರಿಸಿದರೆ ಆ ಅಂಗಡಿ ಬಿಟ್ಟುಬಿಡಿ. ಇನ್ನೊಂದು ವಿಷಯ, ಮೇಜಿನ ಮೇಲೆ ನಿಮಗಿಂತ ಮೊದಲು ಕೂತವರು ಏನು ತಿಂದಿದ್ದರೋ ಗೊತ್ತಿಲ್ಲ. ಸ್ಯಾನಿಟೈಸರ್ ಹಚ್ಚಿಕೊಂಡರೆ ಕಡಲೆಕಾಯಿಯ ಅಂಶ ಹೋಗುವುದಿಲ್ಲ, ಸೋಪು ನೀರು ಹಾಕಿ ಕೈ ತೊಳೆಯಲೇಬೇಕು. ಮಕ್ಕಳಿಗೆ ಅಲರ್ಜಿ ಇದ್ದರೆ ಮೊದಲು ಮೇಜು ಒರೆಸಿ, ಆಮೇಲೆ ಕೂರಿಸಿ.

ಸಿಹಿ ಕೊನೆಗೆ. ಐಸ್‌ಕ್ರೀಮನ್ನು ಊಟದ ಜೊತೆಗೇ ತಂದಿಟ್ಟರೆ ಕರಗಿ ಹೋಗುತ್ತದೆ, ಕರಗಿದ್ದು ಬಾಯಿಗಿಟ್ಟರೆ ಸಿಹಿ ಜಾಸ್ತಿ ಅನಿಸುತ್ತದೆ, ಯಾಕಂದರೆ ತಣ್ಣಗಿರುವಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ, ಆ ಲೆಕ್ಕದಲ್ಲೇ ಅದಕ್ಕೆ ಸಕ್ಕರೆ ಹಾಕಿರುತ್ತಾರೆ.

ಪಾರ್ಸಲ್ ಕಟ್ಟಿಸುವುದಾದರೆ ಮನೆಗೆ ಎಷ್ಟು ಹೊತ್ತು ಆಗುತ್ತದೆ ನೋಡಿಕೊಳ್ಳಿ. ಬೇಯಿಸಿದ್ದು ಎರಡು ಗಂಟೆಗಿಂತ ಜಾಸ್ತಿ ಹೊರಗೆ ಇರಬಾರದು, ಬಿಸಿಲಲ್ಲಿ ಕಾರಿನೊಳಗೆ ಇಟ್ಟರೆ ಅಷ್ಟೂ ಹೊತ್ತು ತಡೆಯುವುದಿಲ್ಲ. ಗ್ರೇವಿ, ಅನ್ನ ತರಹದ್ದನ್ನು ಕಟ್ಟಿಸಿ, ಕರಿದದ್ದನ್ನು ಅಲ್ಲೇ ಮುಗಿಸಿ.

ಎದ್ದು ಹೊರಡುವಾಗ ನಿಮ್ಮ ತಟ್ಟೆ, ಟ್ರೇ ನೀವೇ ಇಟ್ಟು ಬನ್ನಿ. ಸಿಂಗಪುರದ ಹಾಕರ್ ಸೆಂಟರುಗಳಲ್ಲಿ 2021ರ ಸೆಪ್ಟೆಂಬರಿನಿಂದ ಹೀಗೆ ಮಾಡದೆ ಎದ್ದು ಹೋದರೆ ಎಚ್ಚರಿಕೆ, ಮತ್ತೆ ಮಾಡಿದರೆ ದಂಡ. ಅಂಥ ಕಾನೂನು ಇಲ್ಲದ ಕಡೆಯೂ ಇಟ್ಟು ಬನ್ನಿ, ನಿಮ್ಮ ಮೇಜಿಗಾಗಿ ಟ್ರೇ ಹಿಡಿದುಕೊಂಡು ಯಾರಾದರೂ ನಿಂತೇ ಇರುತ್ತಾರೆ. ಆಮೇಲೆ ಹೊರಗೆ ಹೋಗುವ ಮೊದಲು, ಬರಿಗೈ ಸುತ್ತಿನಲ್ಲಿ ಕಣ್ಣಿಗೆ ಬಿದ್ದು ಇವತ್ತು ತಿನ್ನೋಕೆ ಆಗದೆ ಉಳಿದ ಅಂಗಡಿಗಳ ಬೋರ್ಡಿನ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ಸಲ ಅಲ್ಲಿಂದಲೇ ಶುರು ಮಾಡಬಹುದು.